ಅಪ್ಪ ಹುಟ್ಟಿದ್ದು ಎಲ್ಲಿ?

ಸುಳ್ಯ, ಪುತ್ತೂರು ಕಡೆಯವರಿಗೆ ಸಿಲೋನ್ ತಮಿಳರು, ಅಂದರೆ ಈಗಿನ ಶ್ರೀಲಂಕಾದಿಂದ ಬಂದ ತಮಿಳರು, ಹೊಸಬರಲ್ಲ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳ ನಡುವೆ ಅವರ ಕಾಲೊನಿಗಳಿವೆ. ಕತ್ತಲೆ ಹರಿಯುವ ಮೊದಲೇ ಎದ್ದು ಟ್ಯಾಪಿಂಗಿಗೆ, ಅಂದರೆ ರಬ್ಬರ್ ಮರ ಗೀರಿ ಹಾಲು ಇಳಿಸಲು, ಹೋಗುತ್ತಾರೆ. ಅವರ ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ. ನಾನು ಇಲ್ಲಿಗೆ ಟೀಚರ್ ಆಗಿ ಬಂದು ವರ್ಷಗಳಾದವು. ಆದರೆ ಅವರು ಬಂದ ಕತೆಯನ್ನು ಒಬ್ಬರ ಬಾಯಿಂದ ಪೂರ್ತಿ ಕೇಳಿದ್ದು ಕಳೆದ ಜೂನ್ ತಿಂಗಳ ಒಂದು ಶನಿವಾರ.

ನಮ್ಮ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಜಾತಿ ಪ್ರಮಾಣಪತ್ರ ಬೇಕಿತ್ತು. ಅದಿಲ್ಲದೆ ಸ್ಕಾಲರ್‌ಶಿಪ್ ಇಲ್ಲ. ಅರ್ಜಿ ವಾಪಸ್ ಬಂದಿತ್ತು. ಅಪ್ಪ, ಅಜ್ಜ ಹುಟ್ಟಿದ ಊರು ಯಾವುದು, ಅದಕ್ಕೆ ದಾಖಲೆ ಏನು ಅಂತ ಕೇಳಿದ್ದರು. ಮನೆಯಲ್ಲಿ ಏನೇನು ಕಾಗದ ಇದೆ ನೋಡೋಣ ಅಂತ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳ ಜೊತೆ ಕಾಲೊನಿಗೆ ಹೋದೆ. ಮಳೆ ಹಿಡಿದಿತ್ತು. ರಬ್ಬರ್ ಮರಗಳಿಗೆಲ್ಲ ಪ್ಲಾಸ್ಟಿಕ್ ಕಟ್ಟಿ ಮುಗಿಸಿದ್ದರು.

"ವಾಂಗ ಟೀಚರ್, ಒಳಗೆ ಬನ್ನಿ" ಅಂತ ಅವಳ ಅಜ್ಜಿ ಕರೆದರು. ವಿಷಯ ಹೇಳಿದ ತಕ್ಷಣ ಮಂಚದ ಅಡಿಯಿಂದ ತಗಡಿನ ಪೆಟ್ಟಿಗೆ ಎಳೆದರು. ಒಳಗೆ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿಟ್ಟ ಕಾಗದಗಳು. ಒಂದು, ಕ್ಯಾಂಡಿಯ ಭಾರತೀಯ ಕಚೇರಿ ಕೊಟ್ಟ ಪಾಸ್‌ಪೋರ್ಟ್. ಇನ್ನೊಂದು, ರಾಮೇಶ್ವರದ ಹತ್ತಿರದ ಮಂಡಪಂ ಕ್ಯಾಂಪಿನಲ್ಲಿ ಕೊಟ್ಟ ಫ್ಯಾಮಿಲಿ ಕಾರ್ಡ್. ಗಂಡ, ಹೆಂಡತಿ, ಕೈಗೂಸು ಮಗ. ಆ ಕೈಗೂಸೇ ನನ್ನ ವಿದ್ಯಾರ್ಥಿನಿಯ ಅಪ್ಪ.

"ಇದೇ ಪ್ರಶ್ನೆ ನನ್ನ ಅಪ್ಪನಿಗೂ ಕೇಳಿದ್ದರು ಟೀಚರ್. ಅಲ್ಲಿ ಸಿಲೋನಿನಲ್ಲಿ" ಅಂದರು ಅಜ್ಜಿ.

ಅವರು ಹುಟ್ಟಿದ್ದು ಹ್ಯಾಟನ್ ಹತ್ತಿರದ ಒಂದು ಚಹಾ ತೋಟದ ಲಯದಲ್ಲಿ. ಲಯ ಅಂದರೆ ಕೂಲಿಗಳ ಸಾಲುಮನೆ. ಬ್ರಿಟಿಷರ ಕಾಲದಲ್ಲಿ ಮುತ್ತಜ್ಜ ತಿರುಚ್ಚಿ ಕಡೆಯಿಂದ ಕಂಗಾಣಿಯ, ಅಂದರೆ ಕೂಲಿಗಳನ್ನು ಕರೆದೊಯ್ಯುವ ಮೇಸ್ತ್ರಿಯ, ಹಿಂದೆ ಹೋದವರು. ಅಜ್ಜ ಹುಟ್ಟಿದ್ದು ತೋಟದಲ್ಲೇ, ಅಪ್ಪ ಹುಟ್ಟಿದ್ದೂ ತೋಟದಲ್ಲೇ. ಸಿಲೋನಿಗೆ ಸ್ವಾತಂತ್ರ್ಯ ಬಂದ 1948ರಲ್ಲೇ ಪೌರತ್ವದ ಕಾನೂನು ಬಂತು. ನೀನು ಇಲ್ಲಿ ಹುಟ್ಟಿದರೆ ಸಾಲದು, ನಿನ್ನ ಅಪ್ಪ ಇಲ್ಲಿ ಹುಟ್ಟಿದ್ದಕ್ಕೆ, ಇಲ್ಲವೇ ಅಜ್ಜ ಮುತ್ತಜ್ಜ ಇಬ್ಬರೂ ಇಲ್ಲಿ ಹುಟ್ಟಿದ್ದಕ್ಕೆ ಸಾಕ್ಷಿ ತೋರಿಸು ಅನ್ನುವ ಕಾನೂನು. ಲಯದ ಮನೆಯಲ್ಲಿ ಹುಟ್ಟಿದ ಮಗುವಿನ ಹೆಸರನ್ನು ಯಾರು ಬರೆದಿಟ್ಟಿರುತ್ತಾರೆ? ಅವರ ಹೆಸರು ಇದ್ದದ್ದು ತೋಟದ ಚೆಕ್‌ರೋಲಿನಲ್ಲಿ ಮಾತ್ರ, ಅದೂ ಕೂಲಿ ಲೆಕ್ಕಕ್ಕೆ. ಹೀಗೆ ಲಕ್ಷಾಂತರ ಜನ ಇದ್ದ ಜಾಗದಲ್ಲೇ ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ವೋಟೂ ಹೋಯಿತು. 1947ರಲ್ಲಿ ತಮ್ಮವರನ್ನು ಗೆಲ್ಲಿಸಿ ಸಂಸತ್ತಿಗೆ ಕಳಿಸಿದ್ದ ಜನ ಅವರು. ಅವರು ಗೆದ್ದದ್ದೇ ಕಣ್ಣಿಗೆ ಕುಕ್ಕಿತು ಅಂತ ನನಗೆ ಅನಿಸುತ್ತದೆ.

ಆಮೇಲಿನದು ಬೇಗ ಬೇಗ ಬಂತು. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಆಯಿತು. 1958ರಲ್ಲಿ ತಮಿಳರ ಮೇಲೆ ಗಲಭೆ. ಅಜ್ಜಿಗೆ ಆಗ ಏಳೆಂಟು ವರ್ಷ. ದೊಡ್ಡವರು ದೀಪ ಆರಿಸಿ ಮಕ್ಕಳನ್ನು ಚಹಾ ಗಿಡಗಳ ನಡುವೆ ಕೂರಿಸಿದ್ದು ಅವರಿಗೆ ನೆನಪಿದೆ. 1964ರ ಅಕ್ಟೋಬರಿನಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರೂ ಈ ಜನರ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನ. 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ ಒಂದೂವರೆ ಲಕ್ಷದ ಮಾತು ಮುಂದಕ್ಕೆ. ಹತ್ತು ವರ್ಷದ ನಂತರ ಅದನ್ನೂ ಅರ್ಧರ್ಧ ಹಂಚಿಕೊಂಡರು. ಜಾತ್ರೆಯ ಕೊನೆಯಲ್ಲಿ ಉಳಿದ ದನ ಹಂಚಿಕೊಂಡ ಹಾಗೆ. ತೋಟದ ಜನರನ್ನು ಯಾರೂ ಏನೂ ಕೇಳಲಿಲ್ಲ.

ಹಂಚಿಕೆ ಮನೆಯೊಳಗೂ ನಡೆಯಿತು. ಅಜ್ಜಿಯ ಗಂಡ ಭಾರತಕ್ಕೆ ಅರ್ಜಿ ಹಾಕಿದರು, ತಂಗಿಯ ಗಂಡ ಸಿಲೋನಿಗೆ. ಒಂದೇ ಲಯದಲ್ಲಿ ಒಂದೇ ತಾಯಿಗೆ ಹುಟ್ಟಿದ ಅಕ್ಕ ತಂಗಿ.

"ಯಾಕೆ ಹೊರಟಿರಿ ಅಮ್ಮ? ಯಾರಾದರೂ ಹೊಡೆದರಾ?" ಅಂತ ಕೇಳಿದೆ.

"ಹೊಡೆಯಲಿಲ್ಲ. ಹಸಿವು." 1973, 74ರಲ್ಲಿ ತೋಟಗಳಲ್ಲಿ ಜನ ಹಸಿವಿನಿಂದ ಸತ್ತರು. ಇವರಿಗೆ ಹೋಗಿ ಕೇಳಲು ಎಂಪಿ ಇಲ್ಲ, ಹೆದರಿಸಲು ವೋಟಿಲ್ಲ. ಅಜ್ಜಿಯ ಮೊದಲ ಮಗು ಆಗಲೇ ತೀರಿಕೊಂಡಿತು. ಅದನ್ನು ಹೇಳುವಾಗ ಅವರ ದನಿ ಬದಲಾಗಲಿಲ್ಲ. ನನಗೇ ತಲೆ ಎತ್ತಿ ನೋಡಲು ಆಗಲಿಲ್ಲ. ಎರಡನೆಯದು ಹುಟ್ಟಿ ಆರು ತಿಂಗಳಿಗೆ ರೈಲು ಹತ್ತಿದರು. ಆ ರೈಲಿಗೆ ತೋಟದವರು ಇಟ್ಟ ಹೆಸರು 'ಒಪ್ಪಾರಿ ಕೋಚ್ಚಿ', ಅಂದರೆ ಗೋಳಾಟದ ರೈಲು. ಹೆಣದ ಮುಂದೆ ಅಳುವ ಹಾಗೆ ಪ್ಲಾಟ್‌ಫಾರ್ಮಿನಲ್ಲಿ ಅಳುತ್ತಿದ್ದರಂತೆ. ತಲೈಮನ್ನಾರಿನಿಂದ ಹಡಗು, ಮಂಡಪಂ, ಅಲ್ಲಿಂದ ಈ ಕಾಡು. ರಬ್ಬರ್ ನೋಡೇ ಇರಲಿಲ್ಲ. ಚಹಾ ಕೀಳುವ ಬೆರಳಿಗೆ ಟ್ಯಾಪಿಂಗ್ ಕತ್ತಿ ಹಿಡಿಯಲು ಕಲಿಸಿದರು. ಕೆಲಸ ಇತ್ತು, ಸಂಬಳ ಇತ್ತು, ವೋಟೂ ಬಂತು. ಅದನ್ನು ಅವರು ಮತ್ತೆ ಮತ್ತೆ ಹೇಳಿದರು.

ತಂಗಿ ಅಲ್ಲೇ, ಚಹಾ ತೋಟಗಳ ಕಡೆಯ ಬದುಳ್ಳ ಪಟ್ಟಣದಲ್ಲಿ ಉಳಿದರು. 1983ರ ಜುಲೈ 23ರಂದು ಉತ್ತರದ ಜಾಫ್ನಾದಲ್ಲಿ ತಮಿಳು ಹುಲಿಗಳು (ಎಲ್‌ಟಿಟಿಇಯವರು) 13 ಸೈನಿಕರನ್ನು ಕೊಂದರು. ಮರುರಾತ್ರಿ ಕೊಲಂಬೊ ಹೊತ್ತಿತು. ಗುಂಪುಗಳ ಕೈಯಲ್ಲಿ ಮತದಾರರ ಪಟ್ಟಿ ಇತ್ತು, ತಮಿಳರ ಮನೆ ಯಾವುದು ಅಂತ ಹುಡುಕಬೇಕಾಗಲಿಲ್ಲ. ಕೆಲವೇ ದಿನಗಳಲ್ಲಿ ಬೆಂಕಿ ಬದುಳ್ಳಕ್ಕೂ ಬಂತು. ತಂಗಿಯ ಸಂಸಾರವನ್ನು ಪಕ್ಕದ ಸಿಂಹಳದವರು ಅಡುಗೆಮನೆಯಲ್ಲಿ ಬಚ್ಚಿಟ್ಟು ಉಳಿಸಿದರು. ಸುದ್ದಿ ಇಲ್ಲಿಗೆ ಕಾಗದದಲ್ಲಿ ತಲುಪಲು ತಿಂಗಳುಗಳೇ ಹಿಡಿದವು. ಆಮೇಲೆ ಜಾಫ್ನಾ, ಮನ್ನಾರ್ ಕಡೆಯವರು ದೋಣಿ ಹತ್ತಿ ರಾಮೇಶ್ವರಕ್ಕೆ ಬರತೊಡಗಿದರು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ತಮಿಳುನಾಡಿನ ನೂರಕ್ಕೂ ಹೆಚ್ಚು ಕ್ಯಾಂಪುಗಳಲ್ಲಿದ್ದಾರೆ.

ನಾವು ಟಿವಿಯಲ್ಲಿ ಬೆಂಕಿ ನೋಡಿ, ಜನ ಅದಕ್ಕೆ ಹೆದರಿ ಓಡಿದರು ಅಂದುಕೊಳ್ಳುತ್ತೇವೆ, ಅಲ್ವಾ? ಅಜ್ಜಿಯ ಮಾತು ಕೇಳಿದ ಮೇಲೆ ನನಗೆ ಹಾಗೆ ಅನಿಸುವುದಿಲ್ಲ. ಅಲ್ಲಿ ಬೆಂಕಿಗೆ 35 ವರ್ಷ ಮೊದಲು ಒಂದು ಕಾನೂನು ಬಂದಿತ್ತು. ತೋಟದ ತಮಿಳರ ವಿರುದ್ಧ ಬಂದ ಆ ಕಾನೂನಿಗೆ ಜಾಫ್ನಾ ಕಡೆಯ ತಮಿಳು ನಾಯಕರಲ್ಲಿ ಕೆಲವರು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಇವತ್ತು ಅವರಿಗೆ ಆದದ್ದು ನಾಳೆ ನಮಗೂ ಆಗುತ್ತದೆ ಅಂತ ಅವರಲ್ಲೇ ಒಬ್ಬ ನಾಯಕ ಚೆಲ್ವನಾಯಗಂ ಎಚ್ಚರಿಸಿ, ತಮ್ಮ ಪಕ್ಷ ಬಿಟ್ಟು ಹೊರಬಂದರು. ಆ ನಾಳೆ ಬಂದೇ ಬಂತು.

ಇಲ್ಲಿ ಭಯ ಇರಲಿಲ್ಲವಾ ಅಂತ ಕೇಳಿದೆ. ಒಮ್ಮೆ ಇತ್ತು ಅಂದರು. 1991ರ ಡಿಸೆಂಬರ್, ಕಾವೇರಿ ಗಲಾಟೆ. ಬೆಂಗಳೂರಿನಲ್ಲಿ ತಮಿಳರ ಮನೆಗಳಿಗೆ ಬೆಂಕಿ ಬಿದ್ದ ಸುದ್ದಿ ಬಂದಾಗ ಕಾಲೊನಿಯ ಗಂಡಸರು ರಾತ್ರಿ ನಿದ್ದೆ ಮಾಡಲಿಲ್ಲ. ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದರು. ನಮ್ಮ ಕಡೆ ಏನೂ ಆಗಲಿಲ್ಲ. ಆದರೂ ಆ ಮಾತು ಕೇಳಿ ನನಗೆ ಹೊಟ್ಟೆ ಸಂಕಟ ಆಯಿತು. ಎರಡು ದೇಶಗಳಲ್ಲಿ ಒಬ್ಬರೇ ಹೆಂಗಸು ಅದೇ ರೀತಿ ರಾತ್ರಿ ಕಳೆಯಬೇಕಾಯಿತಲ್ಲ.

ಈಗಿನ ಕಚೇರಿಯನ್ನೂ 1948ರ ಸಿಲೋನನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಇಲ್ಲಿ ಯಾರೂ ಇವರನ್ನು ಓಡಿಸುತ್ತಿಲ್ಲ. ಆದರೆ ಇಲ್ಲೇ ಹುಟ್ಟಿ ಇಲ್ಲೇ ಓದುವ ಮೂರನೇ ತಲೆಮಾರಿನ ಹುಡುಗಿ, ಸಮುದ್ರದ ಆಚೆ ಯಾರೂ ಬರೆದಿಡದ ಹುಟ್ಟಿಗೆ ಸಾಕ್ಷಿ ತರಬೇಕು ಅನ್ನುವುದು ಅನ್ಯಾಯ.

ಸೋಮವಾರ ಫ್ಯಾಮಿಲಿ ಕಾರ್ಡು, ಪಾಸ್‌ಪೋರ್ಟು, ಅಜ್ಜಿಯ ಕೆಲಸದ ದಾಖಲೆ ಎಲ್ಲದರ ಜೆರಾಕ್ಸ್ ಸೇರಿಸಿ, ಒಪ್ಪಂದದ ವಿಷಯವನ್ನೂ ಒಂದು ಪುಟದಲ್ಲಿ ಬರೆದು, ಅರ್ಜಿ ಮತ್ತೆ ಕೊಟ್ಟೆವು. ತೀರ್ಮಾನ ಇನ್ನೂ ಬಂದಿಲ್ಲ. ಅದೇ ಕಾಲೊನಿಯಲ್ಲಿ ಇದೇ ಕಾಗದಕ್ಕೆ ಕಾಯುವ ಬೇರೆ ಮಕ್ಕಳೂ ಇದ್ದಾರೆ. ಯಾರ ಮನೆಯ ಪೆಟ್ಟಿಗೆಯಲ್ಲಿ ಏನಿದೆ ಅಂತ ನಾನೂ ಆ ಹುಡುಗಿಯೂ ಈಗ ಪಟ್ಟಿ ಮಾಡುತ್ತಿದ್ದೇವೆ.