ದೇವರಿಗ್ಯಾಕೆ ಅಷ್ಟೊಂದು ಹೊಗಳಿಕೆ?

ದಾವಣಗೆರೆಯಲ್ಲಿ ನನ್ನ ಜೊತೆ ಚಹಾ ಕುಡಿಯುವವರು ಒಂದಲ್ಲ ಒಂದು ದಿನ ಇದನ್ನು ಕೇಳೇ ಕೇಳುತ್ತಾರೆ: "ಅಲ್ರೀ, ನಿಮ್ಮ ಬೈಬಲ್ಲಿನ ಕೀರ್ತನೆಗಳಲ್ಲಿ ಎಲ್ಲಿ ನೋಡಿದರೂ ದೇವರನ್ನು ಸ್ತುತಿಸಿರಿ ಅಂತಾನೇ ಇದೆಯಲ್ಲ. ಲೋಕಾನೇ ಮಾಡಿದವನಿಗೆ ನಮ್ಮ ಹೊಗಳಿಕೆ ಯಾಕೆ ಬೇಕು?"

ಬೇಕಾಗಿಲ್ಲ. 50ನೇ ಕೀರ್ತನೆಯಲ್ಲಿ ದೇವರೇ ಹೇಳುತ್ತಾನೆ: ಕಾಡಿನ ಮೃಗಗಳೆಲ್ಲ ನನ್ನವು, ನನಗೆ ಹಸಿವಾದರೂ ನಿನಗೆ ಹೇಳುವುದಿಲ್ಲ ಅಂತ. ಸ್ವಲ್ಪ ಖಾರದ ಮಾತೇ.

ದೇವರನ್ನು ಹೊಗಳೋದು ಬೇಕಾಗಿರೋದು ನಮಗೆ, ಲೋಕ ನಮ್ಮೊಬ್ಬರದ್ದೇ ಅಲ್ಲ ಅಂತ ನೆನಪಿರೋಕೆ. 104ನೇ ಕೀರ್ತನೆ ಓದಿ ನೋಡಿ. ಕಾಡುಕತ್ತೆಗಳು ತೊರೆಯಲ್ಲಿ ನೀರು ಕುಡಿಯುತ್ತವೆ. ಕೊಕ್ಕರೆ ಮರದಲ್ಲಿ ಮನೆ ಮಾಡುತ್ತದೆ. ಎತ್ತರದ ಬೆಟ್ಟ ಕಾಡುಮೇಕೆಗಳದ್ದು. ಇವುಗಳಿಂದ ಮನುಷ್ಯನಿಗೆ ಮೂರು ಕಾಸಿನ ಲಾಭ ಇಲ್ಲ. ಆದರೂ ಅವಕ್ಕೆ ಜಾಗ ಇದೆ, ನೀರಿದೆ. ಸಿಂಹ ರಾತ್ರಿ ಗರ್ಜಿಸಿ ಬೇಟೆ ಹುಡುಕುತ್ತದೆ, ಸೂರ್ಯ ಹುಟ್ಟಿದರೆ ಗವಿಗೆ ಹೋಗಿ ಮಲಗುತ್ತದೆ. ಮನುಷ್ಯ ಕೆಲಸಕ್ಕೆ ಹೊರಡೋದು ಆಮೇಲೆ. ಹತ್ತಿ ಗಿರಣಿಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಸಿಂಹದ್ದು ರಾತ್ರಿ ಪಾಳಿ, ನಮ್ಮದು ಹಗಲು ಪಾಳಿ, ಯಜಮಾನ ಒಬ್ಬನೇ. 148ರಲ್ಲಂತೂ ಸೂರ್ಯ, ಚಂದ್ರ, ಆಲಿಕಲ್ಲು, ಹಣ್ಣಿನ ಮರ, ದನ, ಹರಿದಾಡುವ ಹುಳ ಎಲ್ಲ ಸ್ತುತಿಸಿದ ಮೇಲೆ ರಾಜರ ಸರದಿ. (ನಮ್ಮ ಸಮಾರಂಭಗಳಲ್ಲಿ ಗಣ್ಯರನ್ನು ಈ ಕ್ರಮದಲ್ಲಿ ಕರೆದರೆ ಜಗಳಾನೇ ಆಗುತ್ತದೆ.)

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ ಅಂತಲೇ ಒಂದು ವನ್ಯಧಾಮ ಇದೆ. ಗಂಡಿಗೆ ನಾಲ್ಕು ಕೊಂಬು, ಬಲು ನಾಚಿಕೆಯ ಪ್ರಾಣಿ, ಸುಲಭಕ್ಕೆ ಕಣ್ಣಿಗೆ ಬೀಳಲ್ಲ. 104ನ್ನು ಬರೆದ ಕವಿ ನಮ್ಮ ಕಡೆಯವನಾಗಿದ್ದರೆ ಅದನ್ನೂ ಸೇರಿಸುತ್ತಿದ್ದ.

ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ತಯಾರು: "ಹಾಗಿದ್ರೆ ಅದೇ ಜಗಳೂರಿಗೆ ಮಳೆ ಯಾಕೆ ಸರಿಯಾಗಿ ಕೊಡಲ್ಲ?"

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ದೇವರು ನೇಗಿಲ ಸಾಲುಗಳನ್ನು ನೆನೆಸುತ್ತಾನೆ ಅನ್ನುವ 65ನೇ ಕೀರ್ತನೆಯನ್ನು ಬರದ ವರ್ಷ ರೈತನ ಮುಂದೆ ಓದೋಕೆ ನನಗೂ ಬಾಯಿ ಬರಲ್ಲ. ಆದರೆ ಮಳೆ ಬಂದರೆ ದೇವರದು, ಬರದಿದ್ದರೆ ಹವಾಮಾನ ಇಲಾಖೆಯದು ಅಂತ ಕೀರ್ತನೆಗಾರರು ಪಾಲು ಮಾಡಲಿಲ್ಲ. ನೀನು ಮುಖ ಮರೆಮಾಡಿದರೆ ಜೀವಿಗಳು ತತ್ತರಿಸುತ್ತವೆ ಅಂತ 104ರಲ್ಲೇ ಇದೆ. ಒಟ್ಟು 150 ಕೀರ್ತನೆಗಳಲ್ಲಿ ಗೋಳಾಟದವೂ ಬಹಳ. 13ನೆಯದು ಶುರುವಾಗೋದೇ ಇನ್ನೂ ಎಷ್ಟು ದಿನ, ನನ್ನನ್ನು ಮರೆತೇಬಿಟ್ಟೆಯಾ ಅನ್ನುವ ಜಗಳದಿಂದ. ಮಳೆ ಕೈಕೊಟ್ಟ ವರ್ಷ ಅದನ್ನು ಓದಿ ಅನ್ನುತ್ತೇನೆ. ಅದರ ತಲೆಬರಹದಲ್ಲೂ ಪ್ರಧಾನ ಗಾಯಕನ ಉಲ್ಲೇಖ ಇದೆ, ಅದನ್ನೂ ಎಲ್ಲರ ಮುಂದೆ ಗಟ್ಟಿಯಾಗಿ ಹಾಡುತ್ತಿದ್ದರು.