ಕ್ಯಾಬಿನೆಟ್ಟಿನ ಧೂಳು ಮತ್ತು ಅವ್ವ

ಕಾಕಾ ಅವ್ವನಿಗೆ ಅಂದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ಏನ್ರಿ ವೈನಿ, ಮನ್ಯಾಗ ಕಸಾ ಹೊಡಿಯೋರು ಯಾರೂ ಇಲ್ಲೇನು?"

ಕಂಪ್ಯೂಟರ್ ಪದೇ ಪದೇ ತಾನೇ ಆಫ್ ಆಗ್ತಿತ್ತು. ಭಾನುವಾರ ರಿಪೇರಿ ಹುಡುಗನನ್ನು ಕರೆಸಿದ್ದೆ. ಅವನು ಪ್ಲಗ್ ತೆಗೆದು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದ. ಒಳಗೆ ಉಳಿದ ಕರೆಂಟ್ ಹೋಗಲಿ ಅಂತ. ಆಮೇಲೆ ಕ್ಯಾಬಿನೆಟ್ಟನ್ನು, ಅಂದರೆ ಕಂಪ್ಯೂಟರಿನ ಡಬ್ಬಿಯನ್ನು, ಮಾಳಿಗೆಗೆ ಒಯ್ದು ಮುಚ್ಚಳ ಬಿಚ್ಚಿದ. ಪ್ರೊಸೆಸರ್ ಫ್ಯಾನಿನ ಕೆಳಗೆ, ಬಿಸಿ ಹೀರಿ ಹೊರಹಾಕುವ ಹೀಟ್‌ಸಿಂಕಿನ ಪಟ್ಟಿಗಳ ಸಂದಿಯಲ್ಲಿ, ಧೂಳು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಅವ್ವನ ಒಂದು ಬಿಳಿ ಕೂದಲೂ ಇತ್ತು. ಕಾಕಾ ಆ ಮಾತು ಅಂದಿದ್ದು ಆಗಲೇ.

ಅವ್ವ ಏನೂ ಅನ್ನಲಿಲ್ಲ. ಕೆಳಗೆ ಹೋಗಿ, ಬೆಳಿಗ್ಗೆ ಗುಡಿಸಿದ್ದ ಪಡಸಾಲೆಯನ್ನೇ ಮತ್ತೆ ಗುಡಿಸಿದಳು.

ಹುಡುಗ ಮಾತ್ರ ಕೆಲಸ ನಿಲ್ಲಿಸಿ ಹೇಳಿದ: "ಕಸಾ ಹೊಡಿಯೋದಕ್ಕೂ ಇದಕ್ಕೂ ಸಂಬಂಧ ಇಲ್ರಿ ಕಾಕಾ. ಫ್ಯಾನ್ ಗಾಳಿ ಎಳ್ಕೋತದ, ಗಾಳಿ ಜೋಡಿ ಧೂಳೂ ಬರ್ತದ." ಎಷ್ಟು ಚಿಕ್ಕವನು! ಮನೆಯವರಿಗಿಂತ ಮೊದಲು ಅವನೇ ಅವ್ವನ ಪರ ಮಾತಾಡಿದ.

ಅವನ ಕೈಗೆಲಸವೂ ಅಷ್ಟೇ ಹದ. ಒಳಗೆ ಕೈ ಹಾಕುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿದ. ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಚಿಪ್ಪಿಗೆ ಹೊಡೆಯಬಾರದಂತೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಬೆರಳು ಅಡ್ಡ ಕೊಟ್ಟ. ಗಾಳಿಯ ರಭಸಕ್ಕೆ ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮೂಲೆಗಳಿಗೆ ಒಣ ಬ್ರಷ್, ಒದ್ದೆ ಬಟ್ಟೆ ಹತ್ತಿರಕ್ಕೂ ಇಲ್ಲ. ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಲೇ ಇಲ್ಲ, ಹೊರಗಿನಿಂದಲೇ ಊದಿದ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ಮನೆಯಲ್ಲಿ ತಾವೇ ಕ್ಲೀನ್ ಮಾಡುವವರು ಇದೊಂದನ್ನಂತೂ ನೆನಪಿಡಬೇಕು.

ಕಲಬುರಗಿಯ ಬೇಸಿಗೆ ಗೊತ್ತಲ್ವಾ? 42, 43 ಡಿಗ್ರಿ. ಕಿಟಕಿ ಮುಚ್ಚಿದರೆ ಕುದಿ, ತೆರೆದರೆ ಧೂಳು. ಬೀದಿ ಅಗೆದರೆ ಮುಚ್ಚುವವರಿಲ್ಲ. ಅಂಥ ಗಾಳಿಯನ್ನು ನೆಲದ ಮೇಲಿಟ್ಟ ಕ್ಯಾಬಿನೆಟ್ ದಿನವಿಡೀ ಒಳಗೆ ಎಳೆದುಕೊಳ್ಳುತ್ತದೆ. ಹೀಟ್‌ಸಿಂಕ್ ಕಟ್ಟಿಕೊಂಡರೆ ಪ್ರೊಸೆಸರ್ ಬಿಸಿ 100 ಡಿಗ್ರಿ ಹತ್ತಿರ ಹೋಗುತ್ತದೆ. ಮೊದಲು ನಿಧಾನ ಆಗುತ್ತದೆ, ಆಮೇಲೆ ಸುಟ್ಟುಹೋಗದಿರಲು ತಾನೇ ಆಫ್ ಆಗುತ್ತದೆ. ಇದರಲ್ಲಿ ಅವ್ವನ ತಪ್ಪೇನು? ಅವಳು ಫರ್ಶಿ ನೆಲವನ್ನು ದಿನಕ್ಕೆರಡು ಸಲ ಒರೆಸುತ್ತಾಳೆ.

ಕಾಕಾ ಕೆಟ್ಟವರಲ್ಲ. ನನ್ನ ಕಾಲೇಜಿನ ಫೀಸು ಕಟ್ಟಿದವರು. ಆದರೂ ಧೂಳು ಕಂಡ ಕೂಡಲೇ ಅವರ ಕಣ್ಣು ಹೋಗಿದ್ದು ಅವ್ವನ ಕಡೆಗೆ. ಮಾಳಿಗೆ ಮೇಲೆ ಗಂಡಸರೂ ಇದ್ದೆವು, ನಮ್ಮನ್ನು ಯಾರೂ ಕೇಳಲಿಲ್ಲ. ಹುಡುಗರು ಪರೀಕ್ಷೆಯಲ್ಲಿ ಫೇಲಾದರೂ, ಬಂದ ನೆಂಟರಿಗೆ ಚಹಾ ತಡವಾದರೂ ಹೀಗೇ. ಅವ್ವ ಅರವತ್ತು ದಾಟಿದ್ದಾಳೆ, ಇನ್ನೂ ಉತ್ತರ ಕೊಡುತ್ತಲೇ ಇರಬೇಕಾ?

ನಿನ್ನೆ ಕಾಕಾಗೆ ಫೋನ್ ಮಾಡಿ, ಅವ್ವನಿಗೆ ಆ ಮಾತು ಅನ್ನಬಾರದಿತ್ತು ಅಂದೆ. "ಸುಮ್ನೆ ಮಜಾಕ್ ಮಾಡಿದ್ನೋ" ಅಂದರು. ಅದನ್ನು ಅವ್ವನಿಗೇ ಹೇಳ್ರಿ ಅಂತ ಫೋನನ್ನು ಅವಳ ಕೈಗೆ ಕೊಟ್ಟೆ.