ಸ್ವಿಫ್ಟ್‌ಗೆ ಟೈರ್ ಹುಡುಕಿದ್ದು, ಮಧ್ಯೆ ಅಪ್ಪನ ಉಗುರು

ಅಪ್ಪ ಟೈರ್ ನೋಡುವ ರೀತಿಯೇ ಬೇರೆ. ಕಂಪನಿ ಹೆಸರು ನೋಡುವುದಿಲ್ಲ, ಬಟನ್ (ಮೇಲ್ಮೈಯ ರಬ್ಬರ್ ಉಬ್ಬು) ಡಿಸೈನ್ ನೋಡುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತುತ್ತಾರೆ. ಆಮೇಲೆ ಮೂಸುತ್ತಾರೆ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಟೈರ್ಸ್ ಕಾರ್ಖಾನೆಗೆ ಸೇರಿದವರು, 1997ರಲ್ಲಿ ಅದನ್ನು ಜೆ.ಕೆ. ಟೈರ್‌ನವರು ತಗೊಂಡ ಮೇಲೂ ಅಲ್ಲೇ ಇದ್ದು ರಿಟೈರ್ ಆದರು. ನಮ್ಮ ಬೀದಿಯಲ್ಲಿ ಈಗಲೂ ಅದು ‘ವಿಕ್ರಾಂತ್’ ಅಷ್ಟೇ.

ಮೂರು ವರ್ಷದ ಹಿಂದೆ ನಾನು ಬೆಂಗಳೂರಿನಿಂದ ನಾಲ್ಕು ಸೆಕೆಂಡ್ ಹ್ಯಾಂಡ್ ಸೆಮಿ ಸ್ಲಿಕ್, ಅಂದರೆ ಗೆರೆ ಕಮ್ಮಿ ಇರುವ ರೇಸ್ ಟೈರ್ ತಂದು ಅಂಗಳದಲ್ಲಿ ಇಳಿಸಿದಾಗಲೂ ಹಾಗೇ ಮಾಡಿದರು. ಉಗುರು ಇಳಿಯಲಿಲ್ಲ.

“ಪುಟ್ಟಿ, ಇದು ರಬ್ಬರ್ ಅಲ್ಲ, ಹಲಗೆ.”

“ಅಪ್ಪ, ಇದು ರೇಸ್ ಟೈರ್. ನಿಮ್ಮ ಲಾರಿ ಟೈರ್ ಲೆಕ್ಕ ಇದಕ್ಕೆ ಬರಲ್ಲ.”

“ಸರಿ ಬಿಡು” ಅಂತ ಒಳಗೆ ಕಾಫಿ ಕುಡಿಯೋಕೆ ಹೋದರು. ಅವತ್ತು ನಾಲ್ಕು ಮಾತು ಬೈದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತೋ ಏನೋ.

ನನ್ನದು 2016ರ ಪೆಟ್ರೋಲ್ ಸ್ವಿಫ್ಟ್. ವಾರವಿಡೀ ಅದರಲ್ಲೇ ಬ್ಯಾಂಕಿಗೆ ಹೋಗುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಟ್ರ್ಯಾಕ್ ಡೇಗೆ, ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್ ಮೇಲೆ ಓಡಿಸೋಕೆ ಬಿಡುವ ದಿನಕ್ಕೆ, ಹೋಗುತ್ತೇನೆ. ಮಧ್ಯೆ ಎಲ್ಲಾದರೂ ಆಟೋಕ್ರಾಸ್ (ಗುರುತು ಹಾಕಿದ ದಾರಿಯಲ್ಲಿ ಗಡಿಯಾರದ ಜೊತೆ ಓಡುವ ಸ್ಪರ್ಧೆ) ಇದ್ದರೆ ಹೆಸರು ಕೊಡುತ್ತೇನೆ. ಕಪ್ ಗಿಪ್ ಏನೂ ಬಂದಿಲ್ಲ. ಮಹಿಳೆಯರ ಕ್ಲಾಸ್‌ನಲ್ಲಿ ನಾವು ಮೂರೇ ಜನ ಇದ್ದ ದಿನವೂ ನಾಲ್ಕನೇ ಸ್ಥಾನ ಬರುವಷ್ಟು ನಿಧಾನ ಅಂತ ತಮ್ಮ ರೇಗಿಸುತ್ತಾನೆ.

ಆ ಸೆಮಿ ಸ್ಲಿಕ್ ತಂದಿದ್ದು ಜಾಸ್ತಿ ಓದಿಕೊಂಡಿದ್ದರಿಂದ. ಎಲ್ಲಿ ನೋಡಿದರೂ ‘200 ಟ್ರೆಡ್‌ವೇರ್’ ಅನ್ನುವ ಮಾತು. ಟೈರಿನ ಪಕ್ಕೆಯ ಮೇಲೆ ಟ್ರೆಡ್‌ವೇರ್ ಅಂತ ಒಂದು ನಂಬರ್ ಇರುತ್ತದೆ. ಅದು ಅಮೆರಿಕದ ಲೆಕ್ಕ. ಟೆಕ್ಸಾಸ್‌ನ ಸ್ಯಾನ್ ಆಂಜೆಲೊ ಸುತ್ತಮುತ್ತಲ ರಸ್ತೆಗಳಲ್ಲಿ 7,200 ಮೈಲಿ, ಅಂದರೆ ಹನ್ನೊಂದೂವರೆ ಸಾವಿರ ಕಿಲೋಮೀಟರ್ ಓಡಿಸಿ, ಎಷ್ಟು ಸವೆಯಿತು ಅಂತ ಒಂದು ಮಾದರಿ ಟೈರಿನ ಜೊತೆ ಹೋಲಿಸುತ್ತಾರೆ. ಮಾದರಿಗೆ 100. ಅದರ ಎರಡರಷ್ಟು ಬಾಳಿದರೆ 200. ಮನೆ ಕಾರಿನ ಟೈರಿಗೆ ನಾನೂರು, ಐನೂರು ಇರುವುದುಂಟು. ನಂಬರ್ ಕಮ್ಮಿ ಆದಷ್ಟೂ ರಬ್ಬರ್ ಮೆತ್ತಗೆ, ಹಿಡಿತ ಜಾಸ್ತಿ ಅನ್ನುವುದು ಅಂದಾಜು. ಆದರೆ ಆ ನಂಬರ್ ಹಾಕಿಕೊಳ್ಳುವವರು ಟೈರ್ ಕಂಪನಿಯವರೇ. ಹಾಗಾಗಿ ಒಂದು ಕಂಪನಿಯ 200ನ್ನು ಇನ್ನೊಂದರ 200 ಜೊತೆ ತೂಗಿ ನೋಡಿದರೆ ಮೋಸ ಹೋಗುತ್ತೀರಿ. ಅಮೆರಿಕದ ಆಟೋಕ್ರಾಸ್‌ನ ಸ್ಟ್ರೀಟ್ ಕ್ಲಾಸ್‌ಗಳಲ್ಲಿ, ಅಂದರೆ ರಸ್ತೆ ಟೈರಿನ ವರ್ಗಗಳಲ್ಲಿ, 200ಕ್ಕಿಂತ ಕಮ್ಮಿ ಇರಬಾರದು ಅಂತ ರೂಲ್ ಇದೆ. ಅದಕ್ಕೇ ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೋಕೋಹಾಮಾ ಎ052, ಫಾಲ್ಕನ್ ಆರ್‌ಟಿ660, ಎಲ್ಲವೂ ಸರಿಯಾಗಿ 200ಕ್ಕೇ ಬಂದು ನಿಂತಿವೆ. ಪರೀಕ್ಷೆಯಲ್ಲಿ ಇಡೀ ಕ್ಲಾಸಿಗೆ 35 ಬಂದ ಹಾಗೆ!

ಇಷ್ಟೆಲ್ಲ ತಿಳಿದುಕೊಂಡಿದ್ದೆ. ಆದರೆ ಅಲ್ಲಿನ ಆಟೋಕ್ರಾಸ್ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಹಳೇ ಏರ್‌ಫೀಲ್ಡ್‌ನಲ್ಲಿ ನಡೆಯುತ್ತದೆ. ಎಲ್ಲಾ ಡಾಂಬರು, ಕಾಂಕ್ರೀಟು. ನಮ್ಮ ಕಡೆ ಆಟೋಕ್ರಾಸ್ ಅಂದರೆ ಹೆಚ್ಚಿನಂಶ ಮಣ್ಣು. ಲಲಿತ ಮಹಲ್ ಹೆಲಿಪ್ಯಾಡ್ ಮೈದಾನದ ಧೂಳನ್ನು ಒಂದು ಸಲ ಕುಡಿದವರಿಗೆ ಗೊತ್ತು. ಮೆತ್ತನೆ ಡಾಂಬರಿನ ಟೈರನ್ನು ಅಲ್ಲಿ ಓಡಿಸಿದರೆ ಗರಸು ಕಲ್ಲು ಅದನ್ನು ಕೊಬ್ಬರಿ ತುರಿದ ಹಾಗೆ ತುರಿದುಬಿಡುತ್ತದೆ. ಹಿಡಿತವೂ ಇಲ್ಲ, ಯಾಕಂದರೆ ಮಣ್ಣನ್ನು ಕಚ್ಚೋಕೆ ಬಟನ್ ಬೇಕು, ಅಂಟು ಅಲ್ಲ. ಇದು ಹೊಳೆಯುವಷ್ಟರಲ್ಲಿ ನನ್ನ ಎರಡು ಟೈರಿನ ಅಂಚು ಕಿತ್ತುಬಂದಿತ್ತು.

ಅದಕ್ಕಿಂತ ದೊಡ್ಡ ತಪ್ಪು ನಾಲ್ಕು ಅಂಕಿ ಓದದೇ ಇದ್ದದ್ದು. ಪಕ್ಕೆಯ ಮೇಲೆ ಡಾಟ್ ಅಂತ ಶುರುವಾಗುವ ಒಂದು ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ನನ್ನದರಲ್ಲಿ 1114 ಇತ್ತು. 2014ರ ಹನ್ನೊಂದನೇ ವಾರದಲ್ಲಿ ಹುಟ್ಟಿದ ಟೈರು! ನಾನು ಕೊಂಡಾಗ ಅದಕ್ಕೆ ಎಂಟು ವರ್ಷ. ಮಾರಿದವನು ಅದರ ಮೇಲೆ ಕಪ್ಪು ಪಾಲಿಶ್ ಬಳಿದು ಮಿಂಚಿಸಿದ್ದ. ಬಟನ್ ಮುಕ್ಕಾಲು ಇತ್ತಲ್ಲ, ಸಾಕು ಅಂದುಕೊಂಡೆ. ಈ ಜಾತಿಯ ಟೈರ್ ಸವೆದು ಸಾಯುವುದಕ್ಕಿಂತ ಮುಂಚೆ ಕಾದು ಸಾಯುತ್ತದೆ. ಪ್ರತಿ ಸಲ ಚೆನ್ನಾಗಿ ಕಾದು ಆರಿದಾಗಲೂ ರಬ್ಬರ್ ಇನ್ನಷ್ಟು ಗಟ್ಟಿಯಾಗುತ್ತದೆ. ಸುಮ್ನೆ ಗೋಡೌನಲ್ಲಿ ಬಿದ್ದಿದ್ದರೂ ಗಟ್ಟಿಯಾಗುತ್ತದೆ.

ಕರಿ ಟ್ರ್ಯಾಕ್ 2.1 ಕಿಲೋಮೀಟರ್. ಮೊದಲ ಎರಡು ಸುತ್ತು ಕಾರು ಸಾಬೂನಿನ ಮೇಲೆ ಹೋದ ಹಾಗಿತ್ತು. ಮೂರನೇದು ಪರವಾಗಿಲ್ಲ. ಐದನೇ ಸುತ್ತಿಗೆ ಮುಂದಿನ ಟೈರ್ ಕಾದು ಮತ್ತೆ ಜಾರೋಕೆ ಶುರು. ಪಕ್ಕದ ಪಿಟ್‌ನಲ್ಲಿದ್ದವರ ಹತ್ತಿರ ರಬ್ಬರಿನ ಗಟ್ಟಿತನ ಅಳೆಯುವ ಡ್ಯೂರೋಮೀಟರ್ ಇತ್ತು, ನೋಡೋಕೆ ಗಡಿಯಾರದ ಹಾಗೆ. ನನ್ನ ಸೆಮಿ ಸ್ಲಿಕ್‌ಗೆ ಒತ್ತಿದರೆ 80. ಅವರ ಮಾಮೂಲಿ ರಸ್ತೆ ಟೈರಿಗೆ 64. ಅಂಕಿ ಜಾಸ್ತಿ ಆದಷ್ಟೂ ಗಟ್ಟಿ. ಅಪ್ಪನ ಉಗುರು ಇದನ್ನು ಪುಕ್ಕಟೆ ಹೇಳಿತ್ತು.

ಸಂಜೆ ವಾಪಸ್ ಹೊರಟೆ. ರಾತ್ರಿ ಕಾಡಿನ ದಾರಿಯ ಗೇಟ್ ಹಾಕುವ ಮುಂಚೆ ಬಣ್ಣಾರಿ ಚೆಕ್‌ಪೋಸ್ಟ್ ದಾಟಬೇಕು ಅನ್ನುವ ಆತುರ. ಸತ್ಯಮಂಗಲ ದಾಟುತ್ತಿದ್ದಂತೆ ಮಳೆ ಹಿಡಿಯಿತು. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು. ಒಂದು ಎಡ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ ಕಟ್ ಮಾಡಿದ್ದೇನೆ, ಕಾರು ಮಾತ್ರ ನೇರ ಹೋಗುತ್ತಿದೆ. ಮುಂದಿನ ಚಕ್ರ ಇದ್ದಲ್ಲೇ ಗಿರ್ರ್ ಅಂತ ಸುತ್ತುತ್ತಿದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಆಗ ಕಚ್ಚಿಕೊಂಡು, ಎದುರುಗಡೆ ಲೇನಿನ ಅರ್ಧದಲ್ಲಿ ನಿಂತಿತು. ಮೇಲಿಂದ ಇಳಿಯುತ್ತಿದ್ದ ಲಾರಿ ಡ್ರೈವರ್ ನನಗಿಂತ ಮುಂಚೆಯೇ ವಿಷಯ ಅರ್ಥ ಮಾಡಿಕೊಂಡು ನಿಲ್ಲಿಸಿದ್ದ. ಬೈಯಲಿಲ್ಲ. ಕಿಟಕಿಯಿಂದ ಕೈ ಹಾಕಿ, ನೀನು ಮೊದಲು ಹೋಗಮ್ಮ ಅನ್ನುವ ಹಾಗೆ ಸನ್ನೆ ಮಾಡಿದ. ಉಳಿದ ತಿರುವುಗಳನ್ನು ಫಸ್ಟ್ ಗೇರಲ್ಲಿ, ಹಿಂದೆ ಎಂಟು ಗಾಡಿ ಸಾಲು ಕಟ್ಟಿಕೊಂಡು ಹತ್ತಿದೆ. ಹಾಸನೂರಿನಲ್ಲಿ ಟೀ ಕುಡಿಯುವಾಗ ಗ್ಲಾಸು ನಡುಗುತ್ತಿತ್ತು.

ಸೆಮಿ ಸ್ಲಿಕ್‌ನಲ್ಲಿ ನೀರು ಆಚೆ ಹೋಗೋಕೆ ಗೆರೆಗಳೇ ಕಮ್ಮಿ. ಅದು ಕೆಲಸ ಮಾಡೋದು ಕಾದಾಗ, ಮಳೆಯಲ್ಲಿ ಅದು ಕಾಯುವುದೇ ಇಲ್ಲ. ಟೆಕ್ಸಾಸಿನವರಿಗೆ ಟ್ರೈಲರ್ ಇದೆ. ಕಾರನ್ನು ಹೇರಿಕೊಂಡು ಹೋಗುತ್ತಾರೆ, ಇಲ್ಲ ಅಲ್ಲೇ ಬೇರೆ ಚಕ್ರ ಹಾಕಿಕೊಳ್ಳುತ್ತಾರೆ. ನಾನು ಓಡಿಸಿಕೊಂಡು ಹೋಗಿ, ಓಡಿಸಿಕೊಂಡೇ ಬರಬೇಕು. ಟ್ರ್ಯಾಕ್ ಮೇಲೆ ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಓಡಿದರೆ ಹೆಚ್ಚು. ಹೋಗಿ ಬರೋ ದಾರಿಯೇ ನಾನೂರು. ಟೈರ್ ಆರಿಸುವಾಗ ನಾನು ಆ ನಾನೂರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆಮೇಲೆ ಬುದ್ಧಿ ಬಂದು, ಒಳ್ಳೇ ಕಂಪನಿಯ ರಸ್ತೆ ಟೈರ್ ತಗೊಂಡೆ. ಸೈಜ್ ಮಾತ್ರ ಬದಲಾಯಿಸಿದೆ. ಸ್ವಿಫ್ಟ್‌ಗೆ ಬಂದಿದ್ದು 185/65 ಆರ್15. ಅಂದರೆ ಅಗಲ 185 ಮಿಲಿಮೀಟರ್, ಪಕ್ಕೆಯ ಎತ್ತರ ಅದರ 65 ಪರ್ಸೆಂಟ್, ರಿಮ್ 15 ಇಂಚು. ಇಡೀ ಟೈರಿನ ಎತ್ತರ ಸುಮಾರು 621 ಮಿಲಿಮೀಟರ್. 195/60 ಹಾಕಿದರೆ 615. ಒಂದು ಪರ್ಸೆಂಟ್ ವ್ಯತ್ಯಾಸ, ಸ್ಪೀಡೋಮೀಟರ್ ಏನೂ ಕೆಡಲ್ಲ. ಪಕ್ಕೆ ಸ್ವಲ್ಪ ಗಿಡ್ಡ ಆಗಿ, ತಿರುವಿನಲ್ಲಿ ಕಾರು ಬಳುಕುವುದು ಕಮ್ಮಿಯಾಯಿತು. ಅದಕ್ಕಿಂತ ಅಗಲ ಬೇಡ. ಕಾರೇ ಸುಮಾರು ಒಂದು ಟನ್. ಅಗಲದ ಟೈರನ್ನು ಕಾಯಿಸುವಷ್ಟು ತೂಕವೂ ಇಲ್ಲ, ಇಂಜಿನ್ನೂ ಇಲ್ಲ. ಸೈಜಿನ ಪಕ್ಕದ 88ಎಚ್ ಅಂದರೆ ಒಂದು ಟೈರ್ 560 ಕೆಜಿ ಹೊರುತ್ತದೆ, 210 ಕಿಲೋಮೀಟರ್ ವೇಗ ತಡೆಯುತ್ತದೆ ಅಂತ. ವಿ ಆದರೆ 240. ವಿ ಸಿಕ್ಕರೆ ವಿ ತಗೊಳ್ಳಿ. ನಾವು ಆ ವೇಗಕ್ಕೆ ಹೋಗ್ತೀವಿ ಅಂತ ಅಲ್ಲ, ಬಿಸಿ ತಡೆದುಕೊಳ್ಳುವ ಶಕ್ತಿ ಜಾಸ್ತಿ ಅಂತ.

“ಯಾಕೆ, 200ರ ಟೈರನ್ನೇ ಹೊಸದು ತಗೋಬಹುದಿತ್ತಲ್ಲ?” ಅಂತ ಕೇಳುತ್ತಾರೆ. ಆ ಟೈರ್‌ಗಳು ಹೆಚ್ಚಾಗಿ ಬರೋದು ದೊಡ್ಡ ರಿಮ್‌ಗೆ. ಅದರ ಮೇಲೆ 2020ರ ಜೂನ್‌ನಲ್ಲಿ ಸರ್ಕಾರ ಹೊಸ ಟೈರ್ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿದ ಮೇಲೆ, ಹೊರಗಿನ ಮಾಲು ಸಿಗುವುದೇ ಕಷ್ಟ. ಸಿಕ್ಕಿದ್ದಕ್ಕೆ ಬಾಯಿಗೆ ಬಂದ ರೇಟು.

ಮಾಮೂಲಿ ಟೈರಲ್ಲಿ ಓಡಿಸುವುದರಲ್ಲಿ ಇನ್ನೊಂದು ಸುಖ ಇದೆ. ಅದು ಮಾತಾಡುತ್ತದೆ. ಹಿಡಿತ ಬಿಡೋ ಮುಂಚೆ ಕುಯ್ಯ್ ಅಂತ ಶುರು ಮಾಡಿ, ಮಿತಿ ಹತ್ತಿರ ಬಂದಾಗ ಕಿರುಚುತ್ತದೆ. ನನ್ನಂಥವರು ಬ್ರೇಕ್ ಯಾವಾಗ ಬಿಡಬೇಕು, ಸ್ಟೀರಿಂಗ್ ಎಷ್ಟು ತಿರುಗಿಸಬೇಕು ಅಂತ ಕಲಿತಿದ್ದು ಆ ಸದ್ದು ಕೇಳಿಯೇ. ಹಳೇ ಸೆಮಿ ಸ್ಲಿಕ್ ಏನೂ ಹೇಳುತ್ತಿರಲಿಲ್ಲ, ಸೀದಾ ಜಾರುತ್ತಿತ್ತು.

ಗಾಳಿ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ಟೈರ್ ಒಳಗಿನ ಬಿಸಿ ಐದೂವರೆ ಡಿಗ್ರಿ ಏರಿದರೆ ಗಾಳಿಯ ಒತ್ತಡ ಹೆಚ್ಚುಕಮ್ಮಿ ಒಂದು ಪೌಂಡ್ ಏರುತ್ತದೆ. ಬೆಳಗ್ಗೆ 32 ಹಾಕಿಕೊಂಡು ಹೋದರೆ ಐದು ಸುತ್ತು ಮುಗಿಸಿ ಬಂದಾಗ 38 ತೋರಿಸುತ್ತದೆ. ಪ್ರತಿ ಸಲ ಬಂದ ತಕ್ಷಣ ಅಳೆಯಬೇಕು, ಟೀಗೆ ಹೋಗಿ ಬಂದಲ್ಲ. ಎಷ್ಟಿರಬೇಕು ಅಂತ ತಿಳಿಯೋಕೆ ಅಪ್ಪ ಸೀಮೆಸುಣ್ಣ ಕೊಟ್ಟು ಕಳಿಸಿದರು. ಟೈರಿನ ಭುಜದಿಂದ ಪಕ್ಕೆಗೆ ಮೂರು ಕಡೆ ಗೆರೆ ಎಳೆದು ನಾಲ್ಕು ಸುತ್ತು ಓಡಿಸುವುದು. ಭುಜದ ಮೇಲೆ ಒಂದು ಸಣ್ಣ ತ್ರಿಕೋನದ ಗುರುತು ಇರುತ್ತದೆ. ಸುಣ್ಣ ಅಲ್ಲಿವರೆಗೆ ಅಳಿಸಿದರೆ ಸರಿ. ಅದನ್ನೂ ದಾಟಿ ಪಕ್ಕೆಗೆ ಬಂದರೆ ಟೈರ್ ಮಗುಚುತ್ತಿದೆ, ಗಾಳಿ ಕಮ್ಮಿ. ಅಷ್ಟು ದೂರವೂ ಅಳಿಸದಿದ್ದರೆ ಗಾಳಿ ಜಾಸ್ತಿ. ನನ್ನ ಸ್ವಿಫ್ಟ್‌ಗೆ ಬಿಸಿಯಲ್ಲಿ ಮುಂದೆ 37, ಹಿಂದೆ 35 ಸರಿಹೋಯಿತು. ನಿಮ್ಮದಕ್ಕೆ ಬೇರೆ ಬರಬಹುದು, ಸುಣ್ಣವನ್ನೇ ಕೇಳಿ. ಬಿಸಿಯಲ್ಲಿ ಗಾಳಿ ಬಿಟ್ಟಿದ್ದನ್ನು ಮರೆತು ಹಾಗೇ ಮನೆಗೆ ಹೊರಡಬೇಡಿ. ಮಾರನೇ ಬೆಳಗ್ಗೆ ಆರಿದ ಮೇಲೆ ನೋಡಿದರೆ ನನ್ನದು 28ಕ್ಕೆ ಇಳಿದಿತ್ತು. ನೈಟ್ರೋಜನ್ ಹಾಕಿಸಿ ಮೇಡಂ, ಬಿಸಿನೇ ಆಗಲ್ಲ ಅನ್ನುವವರಿಗೆ ನನ್ನದೊಂದೇ ಉತ್ತರ: ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ಅದೇ ಇದೆ ಅಣ್ಣಾ.

ಡಾಂಬರಿನ ಆಟೋಕ್ರಾಸ್ ಸಿಕ್ಕರೆ ತೊಂದರೆ ಉಲ್ಟಾ. ಓಟ ಒಂದು ನಿಮಿಷದ್ದು. ಟೈರ್ ಕಾಯುವಷ್ಟರಲ್ಲಿ ಮುಗಿದಿರುತ್ತದೆ. ತಣ್ಣಗಿದ್ದಾಗಲೇ ಹಿಡಿಯುವ ರಬ್ಬರ್ ಬೇಕು. ಟ್ರ್ಯಾಕ್‌ಗೆ ಇಪ್ಪತ್ತು ನಿಮಿಷ ಬೆಂದರೂ ಬಿಡದ ರಬ್ಬರ್ ಬೇಕು. ಹೂಸಿಯರ್ ಕಂಪನಿಯವರು ಇದಕ್ಕೇ ಎ ಅಂತ ಆಟೋಕ್ರಾಸ್‌ಗೆ, ಆರ್ ಅಂತ ಟ್ರ್ಯಾಕ್‌ಗೆ ಬೇರೆ ಬೇರೆ ಮಾಡುತ್ತಾರೆ. ನಾನೂ ತಮ್ಮನೂ ಒಂದೇ ಕಾರಲ್ಲಿ ಸರದಿ ಮೇಲೆ ಓಡಿಸಿದ ದಿನ ಮಾತ್ರ ಟೈರ್ ಕಾದುಬಿಟ್ಟಿತು. ಮಂಡ್ಯದ ಮಾವನ ಹತ್ತಿರ ಇಸ್ಕೊಂಡಿದ್ದ ಔಷಧಿ ಹೊಡೆಯೋ ಸ್ಪ್ರೇಯರ್‌ನಲ್ಲಿ ನೀರು ತುಂಬಿಸಿ ಚಕ್ರಕ್ಕೆ ಹೊಡೆದೆವು. ಎಲ್ಲರೂ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಅದನ್ನೇ ಸಾಲ ಕೇಳಿದರು.

ಇನ್ನೊಂದು, ತಡವಾಗಿ ಕಲಿತಿದ್ದು. ಹೊಸ ಟೈರನ್ನು ಸೀದಾ ಟ್ರ್ಯಾಕ್‌ಗೆ ಒಯ್ಯಬೇಡಿ. ಎಂಟು ಮಿಲಿಮೀಟರ್ ಎತ್ತರದ ಬಟನ್ ತಿರುವಿನಲ್ಲಿ ಬಳುಕಿ ಬೇಗ ಕಾದು, ತುಂಡು ತುಂಡು ಕಿತ್ತುಬರುತ್ತದೆ. ಸವೆದು ನಾಲ್ಕೈದಕ್ಕೆ ಬಂದಾಗ ಒಣ ಟ್ರ್ಯಾಕ್‌ನಲ್ಲಿ ಅದೇ ಟೈರ್ ಚೆನ್ನಾಗಿ ನಿಲ್ಲುತ್ತದೆ. ಅದಕ್ಕೇ ನಾನು ಕೊಳ್ಳುವುದು ಮೇ ತಿಂಗಳಲ್ಲಿ. ಹೊಸದಿದ್ದಾಗ ಮಳೆಗಾಲ ರಸ್ತೆಯಲ್ಲಿ ಕಳೆಯಲಿ, ಒಂದು ವರ್ಷ ಬಿಟ್ಟು ಬರೋ ಜನವರಿಗೆ ಟ್ರ್ಯಾಕ್. ಟೈರ್ ಪೂರ್ತಿ ಸವೆಯಿತು ಅಂತ ತೋರಿಸುವ 1.6 ಮಿಲಿಮೀಟರಿನ ಗುರುತು ಬರೋವರೆಗೂ ಎಳೆಯಲ್ಲ. ದಿಂಬಂ ನೆನಪಿದೆ.

ಈ ಮೇನಲ್ಲೂ ಕೊಂಡೆ. ಒಂದಕ್ಕೆ ಏಳು ಸಾವಿರದ ಹತ್ತಿರ ಬಿತ್ತು. ಅಪ್ಪನೂ ಜೊತೆಗೆ ಬಂದಿದ್ದರು. ಅಂಗಡಿ ಹುಡುಗ ಅಟ್ಟದಿಂದ ನಾಲ್ಕು ಟೈರ್ ಇಳಿಸಿ ಸಾಲಾಗಿ ನಿಲ್ಲಿಸಿದ. ಅಪ್ಪ ಕುಕ್ಕರಗಾಲಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಒಂದೊಂದಕ್ಕೂ ಉಗುರು ಒತ್ತಿ ಮೂಸುತ್ತಾ ಹೋದರು. ನಾನು ಹಿಂದೆ ಹಿಂದೆಯೇ ಮೊಬೈಲ್ ಟಾರ್ಚ್ ಬಿಟ್ಟು ನಾಲ್ಕು ಅಂಕಿ ಓದುತ್ತಾ ಬಂದೆ. ಮೂರು ಈ ವರ್ಷದ್ದೇ. ನಾಲ್ಕನೇದರ ಮುಂದೆ ಅಪ್ಪ ತಲೆ ಎತ್ತಿ ನನ್ನ ಕಡೆ ನೋಡಿದರು. ಅಂಕಿ ನೋಡಿದೆ. ಎರಡು ವರ್ಷ ಹಳೇದು.

“ಎಲ್ಲಾ ಒಂದೇ ಸಾರ್, ಏನಾಗಲ್ಲ” ಅಂದ ಹುಡುಗ.

ಅಪ್ಪ ಏನೂ ಅನ್ನಲಿಲ್ಲ. ಉಗುರಿಗೆ ಮೆತ್ತಿದ್ದ ಧೂಳು ಪಂಚೆಗೆ ಒರೆಸಿಕೊಂಡು ಅಲ್ಲೇ ಕೂತರು. ಹುಡುಗ ಮತ್ತೆ ಏಣಿ ಹತ್ತಿದ.